ಜಗಲಿಯ ಟಿವಿ, ಅಂಗಳದ ಟಿವಿ (ಮನೆ ಸಾಮಾನಿನ ಚರಿತ್ರೆ ಸರಣಿ)

ಭಾಗ 1/8
ಮೊದಲ ಚಿತ್ರ ನೋಡಿ. ಉಮ್ಮಚಗಿಯ ನಮ್ಮನೆ ಜಗಲಿ. ಗೋಡೆ ಮೇಲೆ ಒಂದು ಮಾಸಲು ಚೌಕ ಕಾಣ್ತದಲ್ಲ, ಅದು ಇಪ್ಪತ್ತು ವರ್ಷ ಟಿವಿ ಇಟ್ಟಿದ್ದ ಜಾಗ. ಹಿಂದೆ ಕೂತ ಧೂಳು ಗೋಡೆಗೇ ಅಂಟಿ ಹೋಗಿದೆ, ಒರೆಸಿದ್ರೂ ಹೋಗ್ತಿಲ್ಲ.

21 ಇಂಚಿನ ಆ ಡಬ್ಬಾ ಟಿವಿ ಈ ಮಳೆಗಾಲದ ಒಂದು ಸಿಡಿಲಿಗೆ ಹೋಯ್ತು. ಪ್ಲಗ್ ತೆಗೆದಿದ್ವಿ, ಆದ್ರೆ ಡಿಶ್ಶಿನ ಕೇಬಲ್ ಹಾಗೇ ಬಿಟ್ಟಿದ್ವಿ. ಆ ತಪ್ಪಿನ ವಿಷಯ ಕೊನೆಯ ಭಾಗದಲ್ಲಿ ಹೇಳ್ತೇನೆ.

ಈಗ ಹೊಸದು ತರಬೇಕು. ಕೊಳೆರೋಗ, ಎಲೆಚುಕ್ಕಿ ಎರಡೂ ಸೇರಿ ತೋಟದ ಲೆಕ್ಕ ಸಣ್ಣದಾಗಿದೆ. ಹಾಗಾಗಿ 25 ಸಾವಿರದ ಮೇಲೆ ಒಂದು ರೂಪಾಯಿ ಇಲ್ಲ ಅಂತ ಮೊದಲೇ ನಿರ್ಣಯ ಮಾಡ್ಕೊಂಡ್ವಿ. ಆಯಿಗೆ ಕಣ್ಣಿನ ಪೊರೆ ತೆಗೆಸಿ ಆಗಿದೆ, ಆದ್ರೂ ಸುದ್ದಿಯ ಕೆಳಗೆ ಓಡೋ ಅಕ್ಷರ ಕಾಣೋದಿಲ್ಲ. 32 ಇಂಚೋ, 43 ಇಂಚೋ ಅಂತ ಕೇಳಿದ್ರೆ ಅವಳದ್ದು ಒಂದೇ ಮಾತು: "ಎಂತಕ್ಕೆ ತಮಾ ಅಷ್ಟ್ ದೊಡ್ಡದು? ಯಾರ್ ಬರ್ತ ಈಗ ನೋಡಲೆ?"

ಆ ಎರಡನೇ ಪ್ರಶ್ನೆ ನನ್ನ ತಲೇಲಿ ಕೂತುಬಿಡ್ತು. ಒಂದು ಕಾಲದಲ್ಲಿ ಬರ್ತಿದ್ರು. ಇಡೀ ಕೇರಿ ಬರ್ತಿತ್ತು. ಬಂದವರು ಎಲ್ಲೆಲ್ಲಿ ಕೂರ್ತಿದ್ರು ಅನ್ನೋದೂ ನನಗೆ ನೆನಪಿದೆ. ಹಾಗಾಗಿ ಈ ಸಲದ ಸರಣಿ ಟಿವಿ ಬಗ್ಗೆ. ಚರಿತ್ರೆಯೂ ಸಿಗ್ತದೆ, ಕೊಳ್ಳೋರಿಗೆ ಸ್ವಲ್ಪ ಲೆಕ್ಕವೂ ಸಿಗ್ತದೆ.

ಭಾಗ 2/8
ಭಾರತದಲ್ಲಿ ಟಿವಿ ಶುರುವಾಗಿದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಕರ್ನಾಟಕದ ಹಳ್ಳಿಗಳಿಗೆ ಅದು ಬಂದಿದ್ದು 1975ರಲ್ಲಿ. ಮೊದಲು ಕಂಡಿದ್ದು ಬೆಂಗಳೂರಿನವರು ಅಂದ್ಕೊಂಡಿದ್ರೆ ತಪ್ಪು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು ಕಂಡ್ರು.

ಆ ಪ್ರಯೋಗದ ಹೆಸರು 'ಸೈಟ್'. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ತಂದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲೆಯ ಕಾರ್ಯಕ್ರಮ ತೋರಿಸಿದ್ರು. ತಂತಿ ಬಲೆಯ ದೊಡ್ಡ ಡಿಶ್, ಊರಿಗೆಲ್ಲ ಸೇರಿ ಒಂದು ಟಿವಿ. ಅಂದ್ರೆ ನಮ್ಮ ರಾಜ್ಯದ ಹಳ್ಳಿಗೆ ಟಿವಿ ಮೊದಲು ಬಂದಿದ್ದೇ ಸಾರ್ವಜನಿಕ ವಸ್ತುವಾಗಿ. ಯಾರ ಮನೆಯದ್ದೂ ಅಲ್ಲ, ಊರಿನದ್ದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

1977ರಲ್ಲಿ ಗುಲ್ಬರ್ಗಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರಿನಲ್ಲಿ. 1982ರಲ್ಲಿ ದಿಲ್ಲಿ ಏಷ್ಯನ್ ಗೇಮ್ಸ್ ವರ್ಷ ಬಣ್ಣ ಬಂತು.

ನಮ್ಮ ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆ ಮಾತ್ರ ಕಥೆ ಬೇರೆ. ಟಿವಿಯ ಅಲೆ ಹೆಚ್ಚು ಕಮ್ಮಿ ನೇರ ಗೆರೆಯಲ್ಲಿ ಹೋಗ್ತದೆ. ನಡುವೆ ಗುಡ್ಡ ಬಂದ್ರೆ ಅದರ ನೆರಳು ಬೀಳ್ತದೆ. ಅಡಿಕೆ ತೋಟ ಇರೋದೇ ಕಣಿವೆಯಲ್ಲಿ, ಮನೆ ಇರೋದು ತೋಟದ ತಲೆ ಮೇಲೆ, ಸುತ್ತ ಸೊಪ್ಪಿನ ಬೆಟ್ಟ. ನೀರು, ನೆರಳು ನೋಡಿ ಮನೆ ಕಟ್ಟಿದ ಅಜ್ಜಂದಿರು ಆಂಟೆನಾ ನೋಡಿ ಕಟ್ಟಿರ್ಲಿಲ್ಲ.

ಭಾಗ 3/8
1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿತು. ಅದರ ಬೆನ್ನಿಗೇ, 1984ರಲ್ಲಿ, ದೇಶದ ತುಂಬ ಸಣ್ಣ ಶಕ್ತಿಯ ಟ್ರಾನ್ಸ್‌ಮಿಟರ್‌ಗಳನ್ನ ಭರದಿಂದ ನಿಲ್ಲಿಸಿದ್ರು. ಕೆಲವು ತಿಂಗಳು ದಿನಕ್ಕೊಂದರ ಲೆಕ್ಕ. ಶುರುವಿಗೆ ಇವುಗಳಲ್ಲಿ ಬರ್ತಿದ್ದದ್ದು ಹೆಚ್ಚಾಗಿ ದಿಲ್ಲಿಯ ಕಾರ್ಯಕ್ರಮ, ಹಿಂದಿಯಲ್ಲಿ.

1987ರ ಜನವರಿ 25, ಭಾನುವಾರ. ರಾಮಾನಂದ ಸಾಗರ್ ಅವರ 'ರಾಮಾಯಣ' ಶುರುವಾಯ್ತು. ಅದೇ ವರ್ಷ ಅಪ್ಪಯ್ಯ ಅಡಿಕೆ ಕೊಟ್ಟ ದುಡ್ಡಲ್ಲಿ 14 ಇಂಚಿನ ಕಪ್ಪು ಬಿಳುಪು ಟಿವಿ ತಂದ. ನನಗೆ ಏಳು ವರ್ಷ. ನಮ್ಮ ಕೇರಿಗೆ ಅದೇ ಮೊದಲನೆಯದು. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬ ಹಿತ್ತಿಲಲ್ಲಿ ತಿರುಗಿಸೋದು, ಒಬ್ಬ ಜಗಲಿಯಿಂದ "ಬಂತು, ಬಂತು, ಹೋಯ್ತು" ಅಂತ ಕೂಗೋದು. ಕರೆಂಟು ಹೋದ್ರೆ ಜೀಪಿನ 12 ವೋಲ್ಟ್ ಬ್ಯಾಟರಿ. ರಾಮ ಹನುಮಂತ ಇಬ್ರೂ ಚುಕ್ಕಿ ಮಳೆಯಲ್ಲೇ ನಿಂತಿರ್ತಿದ್ರು.

ಹಿಂದಿ ಯಾರಿಗೂ ಬರ್ತಿರ್ಲಿಲ್ಲ, ಬೇಕಾಗಿಯೂ ಇರ್ಲಿಲ್ಲ. ತಾಳಮದ್ದಲೆ, ಯಕ್ಷಗಾನ ಕೇಳಿ ಬೆಳೆದವರಿಗೆ ಕಥೆ ಬಾಯಿಪಾಠ. ವಾಲಿ ಯಾವ ಮಾತು ಹೇಳಬೇಕಿತ್ತು, ಹೇಳಲಿಲ್ಲ ಅಂತ ಟಿವಿಗೇ ತಪ್ಪು ಹಿಡೀತಿದ್ರು.

ಈಗ ನಾನು ಹೇಳಬೇಕಾದ ಮಾತು. ಎಲ್ಲರೂ ಬರ್ತಿದ್ರು ನಿಜ, ಆದ್ರೆ ಎಲ್ಲರೂ ಒಂದೇ ಕಡೆ ಕೂರ್ತಿರ್ಲಿಲ್ಲ. ನಮ್ಮವರು, ನೆಂಟರು ಜಗಲಿ ಮೇಲೆ. ತೋಟದ ಕೆಲಸಕ್ಕೆ ಬರುವವರು ಅಂಗಳದಲ್ಲಿ. 14 ಇಂಚಿನ ಚಿತ್ರ, ಅಂಗಳಕ್ಕೆ ಹದಿನೈದು ಅಡಿ ದೂರ. ಅವರಿಗೆ ಕಾಣ್ತಿದ್ದದ್ದು ಬೆಳಕು, ಕೇಳ್ತಿದ್ದದ್ದು ಶಬ್ದ. ಕೆಳಗಿನ ಕೇರಿಯ ಒಬ್ಬಳು ಹೆಂಗಸು ಮಗುವನ್ನ ಸೊಂಟಕ್ಕೇರಿಸಿಕೊಂಡು, ಕಾರ್ಯಕ್ರಮ ಮುಗಿಯುವವರೆಗೂ ನಿಂತೇ ನೋಡ್ತಿದ್ಲು. ಯಾರೂ ಬೈದು ದೂರ ಇಟ್ಟಿದ್ದಲ್ಲ. "ಮೇಲೆ ಬಾ" ಅಂತ ಯಾರೂ ಕರೀಲಿಲ್ಲ, ಅಷ್ಟೇ. ನಾನು ಜಗಲಿಯಲ್ಲಿ ಚಾಪೆ ಮೇಲೆ, ಎಲ್ಲರಿಗಿಂತ ಮುಂದೆ ಕೂತಿದ್ದೆ.

ಟಿವಿ ಜಾತಿ ಭೇದ ಅಳಿಸಿತು ಅಂತ ಭಾಷಣದಲ್ಲಿ ಹೇಳ್ತಾರೆ. ನಮ್ಮನೆಯಲ್ಲಿ ಟಿವಿ ಜಗಲಿಗೂ ಅಂಗಳಕ್ಕೂ ಇದ್ದ ಗೆರೆಯನ್ನ ವಾರಕ್ಕೊಂದ್ಸಲ ಎಲ್ಲರಿಗೂ ತೋರಿಸ್ತಿತ್ತು. ನನ್ನ ಸಾಕ್ಷಿ ಇಷ್ಟು.

ಭಾಗ 4/8
ಆಮೇಲೆ ಆಂಟೆನಾದ ಕಾಲ ಹೋಗಿ ಡಿಶ್ಶಿನ ಕಾಲ ಬಂತು. ಪೇಟೆಯವರಿಗೆ ನಡುವೆ ಕೇಬಲ್ ಅಂತ ಒಂದಿತ್ತು. 1994ರ ಜೂನ್‌ನಲ್ಲಿ ಉದಯ ಟಿವಿ ಬಂದಾಗ ಯಲ್ಲಾಪುರ, ಶಿರಸಿ ಪೇಟೆಯ ಮನೆಯವರು ಕೇಬಲ್ಲಿನಲ್ಲಿ ಕನ್ನಡ ಸಿನಿಮಾ ನೋಡ್ಬಹುದಿತ್ತು. ನಮ್ಮಂಥ ಊರಿಗೆ ಕೇಬಲ್ ಎಳೆದ್ರೆ ಯಾರಿಗೆ ಗಿಟ್ಟತದೆ? ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಬೆಟ್ಟ. ಹತ್ತು ಮನೆಗೆ ಎರಡು ಮೈಲಿ ತಂತಿ.

ಹಾಗಾಗಿ ನಮಗೆ ಬಹಳ ವರ್ಷ ದೂರದರ್ಶನವೇ ಗತಿ. ಅದರಿಂದ ನಷ್ಟ ಆಯ್ತು ಅಂತ ನನಗನ್ನಿಸೋದಿಲ್ಲ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ನಮ್ಮ ಹಂಚಿನ ಮನೆ, ನಮ್ಮ ಮಳೆಯನ್ನೇ ದೇಶಕ್ಕೆ ತೋರಿಸಿತ್ತು. 1998ರಲ್ಲಿ 'ಮಾಯಾಮೃಗ' ಬರೋ ಹೊತ್ತಿಗೆ ದನ ಕರೆಯೋ ಕೆಲಸವೂ ಸ್ವಲ್ಪ ಹಿಂದೆ ಮುಂದೆ ಆಗ್ತಿತ್ತು.

ನಮ್ಮ ಕಡೆಗೆ ನಿಜವಾದ ಬದಲಾವಣೆ ತಂದದ್ದು 2004ರ ಡಿಸೆಂಬರ್. ದೂರದರ್ಶನ 'ಡಿಡಿ ಡೈರೆಕ್ಟ್ ಪ್ಲಸ್' ಶುರುಮಾಡ್ತು. ಈಗ ಅದಕ್ಕೆ ಡಿಡಿ ಫ್ರೀ ಡಿಶ್ ಅಂತಾರೆ. ಒಂದ್ಸಲ ಡಿಶ್, ಡಬ್ಬಿ ತಂದ್ರೆ ಆಯ್ತು, ತಿಂಗಳ ಬಾಡಿಗೆ ಇಲ್ಲ. ಹಿಂದೆ ಮುಂದೆ ಖಾಸಗಿ ಕಂಪನಿಯ ಡಿಟಿಎಚ್‌ಗಳೂ ಬಂದ್ವು. ಉಪಗ್ರಹ ಮೇಲಿಂದ ಸಿಗ್ನಲ್ ಸುರೀತದೆ, ಗುಡ್ಡದ ನೆರಳು ಲೆಕ್ಕಕ್ಕಿಲ್ಲ. ನಮ್ಮೂರಲ್ಲಿ ಯಾವ ಮನೆ ನೋಡಿದ್ರೂ ಡಿಶ್ಶಿನ ಮುಖ ಆಗ್ನೇಯಕ್ಕೆ, ಮೇಲೆತ್ತಿ ಇರ್ತದೆ. ನಡುವೆ ತೆಂಗಿನ ಗರಿ ಬಂದ್ರೆ, ಮಳೆ ಜೋರಾದ್ರೆ ಮಾತ್ರ ಚಿತ್ರ ಚೂರು ಚೂರು.

ಮನೆಮನೆಗೆ ಡಿಶ್ ಬಂತು. ಭಾನುವಾರ ನಮ್ಮ ಅಂಗಳಕ್ಕೆ ಬರೋರು ನಿಂತ್ರು. ಯಾರೂ ಜಗಳ ಮಾಡಿ ನಿಲ್ಲಿಸಿದ್ದಲ್ಲ. ಅವರವರ ಮನೆಯಲ್ಲಿ ಅವರವರ ಟಿವಿ. ಆ ನೆಲದ ಟ್ರಾನ್ಸ್‌ಮಿಟರ್‌ಗಳದ್ದೂ ಕಥೆ ಮುಗೀತು. 2022ರ ಮಾರ್ಚ್ ಹೊತ್ತಿಗೆ ಪ್ರಸಾರ ಭಾರತಿ ದೇಶದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುಪಾಲನ್ನ ಬಂದ್ ಮಾಡ್ತು.

ಭಾಗ 5/8
ಈಗ ಚಪ್ಪಟೆ ಟಿವಿಯ ಕಥೆ. ಹಳೇ ಟಿವಿಗೆ ಹಿಂದೆ ಅಷ್ಟು ದೊಡ್ಡ ಬೆನ್ನು ಯಾಕಿತ್ತು? ಅದರೊಳಗೆ ಗಾಳಿ ತೆಗೆದ ಗಾಜಿನ ಕೊಳವೆ. ಹಿಂದಿನಿಂದ ಎಲೆಕ್ಟ್ರಾನ್ ಹೊಡೆದು ಮುಂದಿನ ಗಾಜಿನಲ್ಲಿ ಚಿತ್ರ ಬರೆಯಬೇಕು, ಅದಕ್ಕೆ ದೂರ ಬೇಕು. ಪರದೆ ದೊಡ್ಡದಾದಷ್ಟೂ ಗಾಜು ದಪ್ಪ, ಭಾರ ಜಾಸ್ತಿ. ನಮ್ಮ 21 ಇಂಚನ್ನ ಇಳಿಸೋಕೆ ಇಬ್ರು ಬೇಕಾಯ್ತು.

ಚಪ್ಪಟೆ ಪರದೆಯ ಯೋಚನೆ ಹಳೇದೇ. ಪ್ಲಾಸ್ಮಾ ಪರದೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. 1968ರಲ್ಲಿ ಆರ್‌ಸಿಎ ಕಂಪನಿ ದ್ರವಸ್ಫಟಿಕದ, ಅಂದ್ರೆ ಎಲ್‌ಸಿಡಿ ಪರದೆ ತೋರಿಸ್ತು. ಅದು ಮನೆಯ ಟಿವಿಯಾಗಿ ಗೆಲ್ಲೋಕೆ ಸುಮಾರು ನಲವತ್ತು ವರ್ಷ ಬೇಕಾಯ್ತು. ಜಗತ್ತಿನಲ್ಲಿ ಎಲ್‌ಸಿಡಿ ಮಾರಾಟ ಹಳೇ ಕೊಳವೆ ಟಿವಿಯನ್ನ ದಾಟಿದ್ದು 2007ರ ಕೊನೆಗೆ. ಅಂಗಡಿಯವರು 'ಎಲ್‌ಇಡಿ ಟಿವಿ' ಅನ್ನೋದೂ ಎಲ್‌ಸಿಡಿಯೇ, ಹಿಂದಿನ ಬೆಳಕು ಮಾತ್ರ ಎಲ್‌ಇಡಿ.

ನಮ್ಮ ಜಿಲ್ಲೆಯವರಿಗೆ ಭಟ್ಕಳ ಅಂದ್ರೆ ಗಲ್ಫಿನ ಸಾಮಾನು. ಊರಿಗೆ ಬರೋರು ವಿಮಾನದಲ್ಲಿ ಚಪ್ಪಟೆ ಟಿವಿ ತರ್ತಿದ್ರು, ಮಿತಿಯೊಳಗಿದ್ರೆ ಸುಂಕ ಇರ್ಲಿಲ್ಲ. 2013ರ ಆಗಸ್ಟ್ 26ರಿಂದ ಆ ವಿನಾಯಿತಿ ನಿಂತು, 36 ಪ್ರತಿಶತ ಚಿಲ್ಲರೆ ಸುಂಕ ಬಿತ್ತು.

ಬಡ ಬಜೆಟ್ಟಿಗೆ ಬಾಗಿಲು ತೆರೆದದ್ದು 2018. ಆ ವರ್ಷ ಮಾರ್ಚ್‌ನಲ್ಲಿ ಶಿಯೋಮಿ 32 ಇಂಚಿನ ಸ್ಮಾರ್ಟ್ ಟಿವಿಯನ್ನ 13,999 ರೂಪಾಯಿಗೆ ಇಟ್ಟಾಗ ಉಳಿದವರೂ ಇಳಿಯಲೇಬೇಕಾಯ್ತು. 2019ರ ಜನವರಿಯಿಂದ 32 ಇಂಚಿನವರೆಗೆ ಜಿಎಸ್‌ಟಿ 28ರಿಂದ 18 ಪ್ರತಿಶತ. ಅದಕ್ಕಿಂತ ದೊಡ್ಡದಕ್ಕೆ 28 ಹಾಗೇ ಉಳೀತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18. ತೆರಿಗೆ ಬಿಟ್ಟು 20 ಸಾವಿರದ ಟಿವಿಗೆ ಮೊದಲು 25,600, ಈಗ 23,600. ನಮ್ಮಂಥವರಿಗೆ ಎರಡು ಸಾವಿರ ಅಂದ್ರೆ ತೋಟಕ್ಕೆ ಒಬ್ಬ ಆಳಿನ ಕೆಲವು ದಿನದ ಕೂಲಿ. ಆ ಬೇಲಿ ಬಿದ್ದ ಮೇಲೇ ನಮ್ಮನೆಯಲ್ಲಿ 43ರ ಮಾತು ಎದ್ದದ್ದು.

ಭಾಗ 6/8
ಲೆಕ್ಕದ ಭಾಗ. ಸೇವ್ ಮಾಡಿಟ್ಕೊಳ್ಳಿ.

ಇಂಚು ಅಂದ್ರೆ ಮೂಲೆಯಿಂದ ಮೂಲೆಗೆ. ಹಳೇ 21 ಇಂಚಿನ ಚಿತ್ರ ಸುಮಾರು 43 ಸೆಂಟಿಮೀಟರ್ ಅಗಲ, 32 ಎತ್ತರ. ಹೊಸ 32 ಇಂಚು ಅಂದ್ರೆ 71 ಅಗಲ, 40 ಎತ್ತರ. 43 ಇಂಚು ಅಂದ್ರೆ 95 ಅಗಲ, 53 ಎತ್ತರ. ಹನ್ನೊಂದು ಇಂಚೇ ವ್ಯತ್ಯಾಸ ಅನ್ನಿಸ್ತದೆ, ವಿಸ್ತೀರ್ಣ ನೋಡಿದ್ರೆ 32ಕ್ಕಿಂತ 43 ಹತ್ತಿರ ಹತ್ತಿರ ಎರಡು ಪಟ್ಟು.

ದೂರ. ಇಂಚಿನ ಒಂದೂವರೆಯಿಂದ ಎರಡೂವರೆ ಪಟ್ಟು ದೂರ ಕೂತ್ರೆ ಕಣ್ಣಿಗೆ ಹಿತ. 32ಕ್ಕೆ ನಾಲ್ಕರಿಂದ ಆರೂವರೆ ಅಡಿ, 43ಕ್ಕೆ ಐದೂವರೆಯಿಂದ ಒಂಬತ್ತು ಅಡಿ. ನಮ್ಮ ಜಗಲಿಯಲ್ಲಿ ಆಯಿ ಕೂರೋ ಮಂಚಕ್ಕೂ ಗೋಡೆಗೂ ಎಂಟೂವರೆ ಅಡಿ.

4ಕೆ ಬೇಕಾ? ನೀವು ನೋಡೋದು ಎಂತ ಅಂತ ಮೊದಲು ಕೇಳ್ಕೊಳ್ಳಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ, ಫುಲ್ ಎಚ್‌ಡಿಯಲ್ಲಿ 20 ಲಕ್ಷ ಚಿಲ್ಲರೆ, 32 ಇಂಚಿನ 'ಎಚ್‌ಡಿ ರೆಡಿ'ಯಲ್ಲಿ ಹತ್ತು ಲಕ್ಷ ಚಿಲ್ಲರೆ. ಮಾಮೂಲಿ ಚಾನೆಲ್ಲಿನ ಚಿತ್ರದಲ್ಲಿ ಇರೋದೇ ಸುಮಾರು 4 ಲಕ್ಷ. ನಾಲ್ಕು ಸೇರು ಹಾಲಿಗೆ ನೀರು ಹಾಕಿ ಎಂಬತ್ತು ಸೇರು ಮಾಡಿದ ಹಾಗೆ. ಫ್ರೀ ಡಿಶ್ಶಿನಲ್ಲಿ ಚಂದನ ನೋಡೋರಿಗೆ, ಯೂಟ್ಯೂಬಿನಲ್ಲಿ ಹಳೇ ಯಕ್ಷಗಾನ ನೋಡೋರಿಗೆ ಫುಲ್ ಎಚ್‌ಡಿ ಧಾರಾಳ ಸಾಕು. ಹಳೇ ಕಾರ್ಯಕ್ರಮಕ್ಕೆ ಎರಡೂ ಬದಿ ಕಪ್ಪು ಪಟ್ಟಿ ಬರ್ತದೆ, ಹಾಗೇ ಬಿಡಿ. ಎಳೆದು ತುಂಬಿಸಿದ್ರೆ ರಾಮನೂ ದಪ್ಪ, ರಾವಣನೂ ದಪ್ಪ.

ಬದಿಯಿಂದ ನೋಡಿ. ಅಂಗಡಿಯಲ್ಲಿ ಎಲ್ಲರೂ ಎದುರಿಗೆ ನಿಂತು ನೋಡ್ತಾರೆ. ನೀವು ಪಕ್ಕಕ್ಕೆ ಸರಿದು ನಿಲ್ಲಿ. 'ವಿಎ' ಪರದೆಯಲ್ಲಿ ಕಪ್ಪು ಚೆನ್ನಾಗಿರ್ತದೆ, ಆದ್ರೆ ಬದಿಗೆ ಹೋದ್ರೆ ಬಣ್ಣ ಮಾಸ್ತದೆ. 'ಐಪಿಎಸ್'ನಲ್ಲಿ ಕಪ್ಪು ಸ್ವಲ್ಪ ಬೂದಿ, ಬದಿಯಿಂದಲೂ ಬಣ್ಣ ನಿಲ್ತದೆ. ಒಬ್ರೇ ನೋಡೋ ಮನೆಗೆ ಮೊದಲನೆಯದು, ಉದ್ದ ಜಗಲಿಯ ಮನೆಗೆ ಎರಡನೆಯದು.

ಇನ್ನು ಸಣ್ಣ ಸಂಗತಿಗಳು. ಫ್ರೀ ಡಿಶ್ಶಿನ ಹಳೇ ಡಬ್ಬಿಗೆ ಕೆಂಪು, ಬಿಳಿ, ಹಳದಿ ತಂತಿಯ ತೂತು ಬೇಕು, ಟಿವಿಯಲ್ಲಿ ಇದೆಯಾ ನೋಡಿ. ಸ್ಮಾರ್ಟ್ ಭಾಗ ಮೊದಲು ಮುದಿಯಾಗ್ತದೆ, ಪರದೆ ಆಮೇಲೆ. ಎಚ್‌ಡಿಎಂಐ ತೂತು ಎರಡಾದ್ರೂ ಇದ್ರೆ ನಾಳೆ ಒಂದು ಸ್ಟಿಕ್ ಹಾಕಿ ಮತ್ತೆ ನಡೆಸಬಹುದು. ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆಷ್ಟು ಯುನಿಟ್ ಅಂತ ಬರೆದಿರ್ತದೆ, ಓದಿ. ರಿಪೇರಿಯವರು ನಿಮ್ಮ ಊರಿಗೆ ಬರ್ತಾರಾ ಅಂತ ದುಡ್ಡು ಕೊಡೋ ಮೊದಲು ಕೇಳಿ.

ಭಾಗ 7/8
ಇಷ್ಟೆಲ್ಲ ಲೆಕ್ಕ ಹೇಳಿದ್ರೂ ಆಯಿ ಒಪ್ಪಲಿಲ್ಲ. "ಕಣ್ಣಿಂದ ನೋಡದೇ ಎಂತ ಹೇಳದು?" ಅಂದ್ಲು. ಶಿರಸಿಗೆ ಕರ್ಕೊಂಡು ಹೋಗೋಣ ಅಂದ್ರೆ ಮಂಡಿನೋವು.

ಆಗ ಗೊತ್ತಾಯ್ತು, ಕೆಳಗಿನ ಕೇರಿಯಲ್ಲಿ 43 ಇಂಚಿನ ಟಿವಿ ಇದೆ ಅಂತ. ಯಾರ ಮನೆ ಅಂದ್ರೆ, ಅಂಗಳದಲ್ಲಿ ನಿಂತು ರಾಮಾಯಣ ನೋಡ್ತಿದ್ದ ಅದೇ ಹೆಂಗಸಿನ ಮನೆ. ಸೊಂಟದ ಮೇಲಿದ್ದ ಮಗು ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡ್ತಾನೆ, ಕಳೆದ ದೀಪಾವಳಿಗೆ ತಂದು ಗೋಡೆಗೆ ಹಾಕಿದ್ದಾನೆ. ನಾನು ಫೋನ್ ಮಾಡಿದೆ. "ಅಮ್ಮನ್ನ ಕರ್ಕೊಂಡು ಬನ್ನಿ, ನೋಡ್ಲಿ" ಅಂದ.

ಐದು ನಿಮಿಷದ ದಾರಿ. ನನಗೆ ತಿಳಿದ ಮಟ್ಟಿಗೆ ಆಯಿ ಆ ಮನೆ ಅಂಗಳದವರೆಗೆ ಹೋಗಿದ್ದಾಳೆ, ಕೆಲಸಕ್ಕೆ ಹೇಳೋಕೆ, ಹುಷಾರಿಲ್ಲ ಅಂದ್ರೆ ಕೇಳೋಕೆ. ಒಳಗೆ ಹೋಗಿದ್ದಿಲ್ಲ.

"ಬನ್ನಿ ಅಮ್ಮ, ಒಳಗ್ ಬನ್ನಿ. ಕುರ್ಚಿ ಮೇಲೆ ಕೂತ್ಕಳಿ."

ಆಯಿ ಹೊಸಿಲ ಹತ್ರ ಒಂದು ಕ್ಷಣ ನಿಂತ್ಲು. ನಾನು ಏನೂ ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಕೂತ್ಲು. ಅವಳು ಪಕ್ಕದ ಕುರ್ಚಿಯಲ್ಲಿ ಕೂತ್ಲು. ಮೊಮ್ಮಗಳು ರಿಮೋಟ್ ಒತ್ತಿ ಸುದ್ದಿ ಹಾಕಿದ್ಲು. ಆಯಿ ಕಣ್ಣು ಕಿರಿದು ಮಾಡಿ, ಕೆಳಗೆ ಓಡೋ ಅಕ್ಷರವನ್ನ ಗಟ್ಟಿಯಾಗಿ ಓದಿದ್ಲು. ತಪ್ಪಿಲ್ಲದೆ. ಮತ್ತೊಂದು ಸಾಲು ಓದಿದ್ಲು.

ಆಸರಿಗೆ ಅಂತ ಚಾ ಬಂತು. ಆಯಿ ಲೋಟ ತಗೊಂಡು ಕುಡಿದ್ಲು. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳೋದು ಬೇಡ. ಉಳಿದವರಿಗೂ ಇಷ್ಟೇ ಸಾಕು.

ನಂತರ ಇಬ್ರೂ ಮಾತಿಗೆ ಕೂತ್ರು. "ಆವಾಗ ನಿಮ್ಮನೇಲಿ ನಂಗೆ ರಾಮ ಯಾವ್ದು ಲಕ್ಷ್ಮಣ ಯಾವ್ದು ಕಾಣ್ತಾನೇ ಇರ್ಲಿಲ್ಲ ಅಮ್ಮ" ಅಂದ್ಲು ಆಕೆ ನಗ್ತಾ. "ಲಾಕ್‌ಡೌನಲ್ಲಿ ಮತ್ತೆ ಹಾಕಿದ್ರಲ್ಲ, ಆವಾಗ ಸಮಾ ನೋಡ್ದೆ." 2020ರ ಮಾರ್ಚ್ 28ರಿಂದ ದೂರದರ್ಶನ ಅದೇ ರಾಮಾಯಣವನ್ನ ಮತ್ತೆ ಬಿತ್ತರಿಸಿತ್ತು. ಮೂವತ್ತಮೂರು ವರ್ಷದ ಮೇಲೆ, ತನ್ನ ಮನೆಯಲ್ಲಿ, ಕೂತು.

ಆಯಿ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕರೀಲಿಲ್ಲೆ ನಾವು" ಅಂದ್ಲು. ಅಷ್ಟೇ. ಆಕೆ, "ಬಿಡಿ ಅಮ್ಮ, ಆವಾಗಿನ ಕಾಲ" ಅಂದ್ಲು. ಕಾಲದ ತಲೆಗೆ ಕಟ್ಟಿ ನಮ್ಮನ್ನ ಬಿಟ್ಟುಕೊಟ್ಟದ್ದು ಆಕೆಯ ದೊಡ್ಡತನ. ನಾನು ಚರಿತ್ರೆ ಬರೆಯುವಾಗ ಹಾಗೆ ಕಾಲದ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೆ ಬರೋದಿಲ್ಲ. ಚಾಪೆ ಮೇಲೆ ಮುಂದೆ ಕೂತವನು ನಾನೇ.

ಭಾಗ 8/8
ಕೊನೆಗೆ ತಂದದ್ದು 43 ಇಂಚು, ಫುಲ್ ಎಚ್‌ಡಿ, ಬದಿಯಿಂದ ಬಣ್ಣ ಮಾಸದ ಪರದೆ. ಗೋಡೆಯ ಕಬ್ಬಿಣ, ಸಿಡಿಲು ತಡೆಯೋ ಸರ್ಜ್ ಪ್ರೊಟೆಕ್ಟರ್ ಎಲ್ಲ ಸೇರಿ 23 ಸಾವಿರ ಚಿಲ್ಲರೆ. ಉಳಿದ ದುಡ್ಡಲ್ಲಿ ಅರ್ಥಿಂಗ್ ಸರಿ ಮಾಡಿಸಿದ್ವಿ. ಮಲೆನಾಡಿನಲ್ಲಿ ಅದೂ ಟಿವಿಯದೇ ಖರ್ಚು ಅಂತ ಲೆಕ್ಕ ಹಿಡೀರಿ.

ಮೊದಲ ಭಾಗದಲ್ಲಿ ಹೇಳಿದ ತಪ್ಪು: ಗುಡುಗು ಶುರುವಾದ್ರೆ ಗೋಡೆಯ ಪ್ಲಗ್ ತೆಗೆದ್ರೆ ಸಾಲದು. ಮಾಡಿನ ಮೇಲಿನ ಡಿಶ್ಶಿಂದ ಬರೋ ಕೇಬಲ್ಲನ್ನೂ ಡಬ್ಬಿಯಿಂದ ಬಿಚ್ಚಬೇಕು. ಸಿಡಿಲು ಆ ದಾರಿಯಲ್ಲೂ ಬರ್ತದೆ. ಫೈಬರ್ ಇದ್ದವರು ಅದರ ಡಬ್ಬಿಯ ಪ್ಲಗ್ಗನ್ನೂ ತೆಗೀರಿ.

ಎಲ್ಲಿ ಹಾಕೋದು ಅಂತ ಮತ್ತೆ ಚರ್ಚೆ ಆಯ್ತು. ನಾನು ಒಳಗಿನ ಕೋಣೆ ಅಂದೆ, ಧೂಳು ಕಮ್ಮಿ, ಬೆಳಕು ಕಮ್ಮಿ. ಆಯಿ ಜಗಲಿಯೇ ಇರ್ಲಿ ಅಂದ್ಲು. ಹಳೇ ಚೌಕದ ಮೇಲೇ ಹಾಕಿದ್ವಿ, ಆ ಕಲೆ ಪೂರ್ತಿ ಮುಚ್ಚಿಹೋಯ್ತು. ಎರಡನೇ ಚಿತ್ರದಲ್ಲಿ ಕಾಣ್ತದೆ.

ಹೋದ ಭಾನುವಾರ ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿ, ಕೆಳಗಿನ ಕೇರಿಗೆ ಆಯಿಯೇ ಫೋನ್ ಮಾಡಿದ್ಲು. ಆಕೆ, ಮೊಮ್ಮಗಳು ಇಬ್ರೂ ಬಂದ್ರು. ಅಭ್ಯಾಸದಂತೆ ಅಂಗಳದ ಮೆಟ್ಟಿಲ ಹತ್ರ ನಿಂತ್ರು. ಆಯಿ ಮಂಚದ ಮೇಲೆ ಸರಿದು ಜಾಗ ಮಾಡಿ, "ಮೇಲೆ ಬಾ" ಅಂದ್ಲು. ಬಂದು ಕೂತ್ರು. ಮೂರನೇ ಚಿತ್ರ ತೆಗೀಬೇಕು ಅಂತಿದ್ದೆ, ತೆಗೀಲಿಲ್ಲ. ಅವರು ಟಿವಿ ನೋಡೋಕೆ ಬಂದವರು, ನನ್ನ ಪೋಸ್ಟಿಗೆ ಅಲ್ಲ.

ಇದರಿಂದ ಎಲ್ಲ ಸರಿಯಾಯ್ತು ಅಂತ ನಾನು ಹೇಳೋದಿಲ್ಲ. ಟಿವಿ ಎಂತದನ್ನೂ ಸರಿ ಮಾಡೋದಿಲ್ಲ, ಅದು ಗೋಡೆಗೆ ಹಾಕೋ ಸಾಮಾನು. 1975ರಲ್ಲಿ ಗುಲ್ಬರ್ಗದ ಕಡೆ ಊರಿಗೊಂದು ಟಿವಿ ಬಂತು, 1987ರಲ್ಲಿ ನಮ್ಮ ಕಡೆ ಕೇರಿಗೊಂದು, 2004ರ ನಂತರ ಮನೆಗೊಂದು, ಈಗ ಕೈಗೊಂದು ಫೋನು. ಪರದೆ ಹತ್ತಿರ ಬರ್ತಾ ಬರ್ತಾ ಒಟ್ಟಿಗೆ ನೋಡೋರು ಕಮ್ಮಿಯಾದ್ರು. ಆದ್ರೆ ಅಂಗಳದಲ್ಲಿ ನಿಲ್ಲಬೇಕಾದವರಿಗೆ ತಮ್ಮದೇ ಕುರ್ಚಿ ಸಿಕ್ಕಿದ್ದೂ ಅದೇ ದಾರಿಯಲ್ಲಿ. ಹಳೇ ಕಾಲದ ಒಗ್ಗಟ್ಟು ಚೆಂದಿತ್ತು ಅಂತ ಬರೆಯುವಾಗ, ಯಾರು ಎಲ್ಲಿ ಕೂತಿದ್ರು ಅಂತಲೂ ಬರೀಬೇಕು.

ನಿಮ್ಮೂರಿಗೆ ಮೊದಲ ಟಿವಿ ಯಾರ ಮನೆಗೆ ಬಂತು? ನೀವು ಎಲ್ಲಿ ಕೂತು ನೋಡಿದ್ರಿ, ಜಗಲಿಯಲ್ಲೋ ಅಂಗಳದಲ್ಲೋ? ಬರೀರಿ. ಎರಡೂ ಕಡೆಯ ನೆನಪು ಬೇಕು.

ಮುಂದಿನ ಸರಣಿ: ಬಚ್ಚಲು ಮನೆಯ ಹಂಡೆ.

#ಉಮ್ಮಚಗಿ #ಯಲ್ಲಾಪುರ #ಶಿರಸಿ #ಮನೆಸಾಮಾನಿನಚರಿತ್ರೆ #ದೂರದರ್ಶನ